ಸಂತಚರಿತ್ರೆಗಳಲ್ಲಿ ಕುಂಬಾರರ ಮನೆ

ಭಾಲ್ಕಿಯ ಕುಂಬಾರ ಗುಂಡಯ್ಯನೂ ತೇರ್ ಗ್ರಾಮದ ಗೋರಾ ಕುಂಭಾರನೂ ಜನಮನದಲ್ಲಿ ಭಕ್ತರಾಗಿ ನೆಲೆಸಿದ್ದಾರೆ. ಮೊದಲನೆಯವನು ಶಿವಶರಣ, ಎರಡನೆಯವನು ಜ್ಞಾನೇಶ್ವರ, ನಾಮದೇವರ ಸಮಕಾಲೀನನಾದ ವಾರಕರಿ ಸಂತ. ಭಾಷೆ ಬೇರೆಯಾದರೂ ನೆಲ ದೂರದ್ದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಈ ಎರಡೂ ಊರುಗಳು ಹೈದರಾಬಾದು ರಾಜ್ಯದಲ್ಲಿಯೇ ಇದ್ದುವು. ಇವರ ಕಥೆಗಳು ಭಕ್ತಿಗೆ ಸಾಕ್ಷಿಯಾಗಿರುವಂತೆ ಕಸುಬಿಗೂ ಸಾಕ್ಷಿಯಾಗಿವೆ.

ದೊಡ್ಡ ಮಡಕೆಯು ತಿಗುರಿಯ ಮೇಲೆಯೇ ಪೂರ್ಣವಾಗುವುದಿಲ್ಲ. ಅಲ್ಲಿ ಬಾಯಿಯೂ ಕಂಠವೂ ರೂಪುಗೊಳ್ಳುತ್ತವೆ. ಒಡಲು ದಪ್ಪವಾಗಿಯೇ ಉಳಿಯುತ್ತದೆ. ಅದು ಅರೆ ಒಣಗಿದ ಮೇಲೆ ಒಳಗಡೆ ದುಂಡುಕಲ್ಲನ್ನು ಒತ್ತಿಹಿಡಿದು, ಹೊರಗಡೆ ಮರದ ಹಲಗೆಯಿಂದ ತಟ್ಟುತ್ತ ತಟ್ಟುತ್ತ ತೆಳುವಾಗಿಸಬೇಕು. ಆವಿಗೆಯಲ್ಲಿ ಬೆಂದು ಬಂದುದನ್ನು ಬಡಿದು ನೋಡಿದರೆ ಬಿರುಕಿನ ಗುಟ್ಟನ್ನು ನಾದವೇ ಹೇಳುತ್ತದೆ. ಆದುದರಿಂದ ಕುಂಬಾರನಿಗೆ ಕೈಯಷ್ಟೇ ಕಿವಿಯೂ ಮುಖ್ಯ. ಹರಿಹರನ ರಗಳೆಯಲ್ಲಿ ಗುಂಡಯ್ಯನು ಮಡಕೆಯನ್ನು ಬಾರಿಸಿದ ನಾದಕ್ಕೆ ಶಿವನೇ ಕುಣಿಯುತ್ತಾನೆ. ಗೋರಾ ತನ್ನ ಹಲಗೆಯಿಂದ ಸಂತರ ತಲೆಗಳನ್ನು ತಟ್ಟಿ, ನಾಮದೇವನನ್ನು ಇನ್ನೂ ಬೇಯದ ಹಸಿ ಮಡಕೆಯೆಂದು ತೀರ್ಮಾನಿಸಿದನಂತೆ. ಕುಂಬಾರರ ಅಂಗಳವನ್ನು ಕಂಡರಿಯದವರು ಕಟ್ಟಬಹುದಾದ ಕಥೆಗಳಲ್ಲ ಇವು.

ಆದರೆ ಈ ಕಥೆಗಳು ಬೆಳಕು ಚೆಲ್ಲುವುದು ಗಂಡಸಿನ ಮೇಲೆ. ಕಸುಬಾದರೋ ಇಡೀ ಮನೆಯದು. ಮಣ್ಣನ್ನು ಹೊತ್ತು ತರುವುದು, ಹರಳು ಆರಿಸುವುದು, ನೆನೆಹಾಕಿ ತುಳಿಯುವುದು, ಬೆಂದ ಮಡಕೆಗಳನ್ನು ಸಂತೆಗೆ ಒಯ್ಯುವುದು, ಇವುಗಳಲ್ಲಿ ಹೆಂಗಸರ, ಮಕ್ಕಳ ಪಾಲು ದೊಡ್ಡದು. ಹಾಗಿದ್ದೂ ಅನೇಕ ಕುಂಬಾರ ಕುಟುಂಬಗಳಲ್ಲಿ ಹೆಂಗಸು ತಿಗುರಿಯನ್ನು ಮುಟ್ಟುವಂತಿರಲಿಲ್ಲ. ಗೋರಾನ ಪತ್ನಿ ನೀರಿಗೆ ಹೋದಾಗ, ವಿಠಲನ ಧ್ಯಾನದಲ್ಲಿ ಮಣ್ಣು ತುಳಿಯುತ್ತಿದ್ದ ಅವನ ಕಾಲಡಿಗೆ ಅಂಬೆಗಾಲಿಡುವ ಕೂಸು ಸಿಕ್ಕಿತೆಂಬ ದಾರುಣ ಪ್ರಸಂಗವನ್ನು ಭಕ್ತಿಯ ಪರೀಕ್ಷೆಯೆಂದು ಓದುವುದು ವಾಡಿಕೆ. ಮನೆಯೂ ಕಾರ್ಯಾಗಾರವೂ ಒಂದೇ ಆಗಿದ್ದ ಬಾಳಿನ ಅಪಾಯವೂ ಅದರಲ್ಲಿದೆ. ಮಣ್ಣಿನ ಗುಂಡಿಗೂ ತೊಟ್ಟಿಲಿಗೂ ನಡುವೆ ಗೋಡೆಯಿರಲಿಲ್ಲ.

ಭಾಲ್ಕಿಯ ಮನೆಯಿಂದ ಮಾತ್ರ ಹೆಣ್ಣಿನ ದನಿಯೊಂದು ಉಳಿದುಬಂದಿದೆ. ಗುಂಡಯ್ಯನ ಪತ್ನಿಯೆಂದು ಪರಂಪರೆ ಹೇಳುವ ಕೇತಲದೇವಿ ‘ಕುಂಭೇಶ್ವರ’ ಎಂಬ ಅಂಕಿತದಲ್ಲಿ ವಚನ ರಚಿಸಿದವಳು. ವ್ರತಹೀನರ ಸಂಗವನ್ನು ನಿರಾಕರಿಸುವಾಗ ಅವಳು ಹಿಡಿಯುವ ನಿದರ್ಶನ ತಿಗುರಿಯದಲ್ಲ, ನಾದದ್ದೂ ಅಲ್ಲ, ಮಣ್ಣಿನ ಹದದ್ದು. ತುಳಿದ ಕಾಲು, ಕಲಸಿದ ಕೈ ಬಲ್ಲ ಮಾತು ಅದು.