ಹರಿಹರದ ಇಬ್ಬರು ಮತ್ತು ಅಂತರಂಗದ ಮೈಲಿಗೆ

ಹೊಯ್ಸಳ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ತುಂಗಭದ್ರೆಯ ತಡಿಯಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿ, ಶೈವ ವೈಷ್ಣವ ಭೇದವು ಏಕಮೂರ್ತಿಯಲ್ಲಿ ಲಯವಾದುದನ್ನು ಲೋಕಕ್ಕೆ ಸಾರಿದನಾದರೂ, ಮನುಷ್ಯರ ನಡುವಣ ಭೇದವು ಅದಕ್ಕಿಂತ ಎಷ್ಟು ಗಡುಸಾದುದೆಂಬುದನ್ನು ನಾಡಿಗೆ ಮನಗಾಣಿಸಿದ ಬಿ. ಬಸವಲಿಂಗಪ್ಪನವರೂ, 1938ರಲ್ಲಿ ಜನಿಸಿದ ಬಿ. ಕೃಷ್ಣಪ್ಪನವರೂ ಅದೇ ಹರಿಹರದವರು.

ಆ ಭೇದದ ಗುರುತಾಗಿ ಬಾವಿಕಟ್ಟೆಯಲ್ಲಿ ಕಣ್ಣಿಗೆ ಕಾಣುವಂತೆ ನಿಂತಿದ್ದ ಮೈಲಿಗೆಗೆ ಅಳತೆಗೋಲು ಬೇಕಿರಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅದನ್ನು ದಂಡಾರ್ಹವೆಂದ ತರುವಾಯ ಅದು ಮೆಲ್ಲಗೆ ಒಳಸರಿಯಿತು. ದಾವಣಗೆರೆಯಲ್ಲಿ ಬಾಡಿಗೆ ಮನೆಯನ್ನರಸಿ ಹೋದವನನ್ನು “ನೀವು ಯಾವ ಪೈಕಿ?” ಎಂದು ವಿಚಾರಿಸಿ, ಉತ್ತರ ಕೇಳಿದ ಮೇಲೆ “ಮನಿ ಆಗ್ಲೇ ಬ್ಯಾರೇರಿಗೆ ಮಾತಾಗೈತಿ” ಎಂದು ನಯವಾಗಿ ಕಳುಹುವ ಮಾಲೀಕನು, ತನ್ನಲ್ಲಿ ತಿರಸ್ಕಾರವಿಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿರಬಹುದು. ತನಗೇ ತಿಳಿಯದುದನ್ನು ಪರರು ತೂಗುವುದೆಂತು?

ಅಮೆರಿಕದ ವರ್ಣದ್ವೇಷವನ್ನು ಕುರಿತು ಇದೇ ಪ್ರಶ್ನೆಯನ್ನೆತ್ತಿಕೊಂಡ ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯು, ಹೆಸರುಗಳನ್ನೂ ಪದಗಳನ್ನೂ ಜೋಡಿಸುವಲ್ಲಿನ ಕ್ಷಣಾಂಶಗಳ ವಿಳಂಬವನ್ನೆಣಿಸುತ್ತದೆ. ಆದರೆ ಒಬ್ಬನೇ ವ್ಯಕ್ತಿ ಎರಡು ಬಾರಿ ಕುಳಿತರೆ ಫಲ ಬದಲಾಗುವುದುಂಟಾದ್ದರಿಂದ, ಅದರ ಬಲದಿಂದ ಯಾರೊಬ್ಬರನ್ನೂ ದೋಷಿಯೆನ್ನಲು ನಾನು ಒಪ್ಪಲಾರೆ. ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಮಾರ್ಗವೇ ನನಗೆ ಹೆಚ್ಚು ವಿಶ್ವಾಸಾರ್ಹ: ಸಮಾನ ಅರ್ಹತೆಯ ಅರ್ಜಿಗಳನ್ನು ಹೆಸರನ್ನು ಮಾತ್ರ ಬದಲಿಸಿ ಕಂಪನಿಗಳಿಗೆ ಕಳುಹಿಸಿದಾಗ, ದಲಿತ ಹೆಸರುಗಳಿಗೆ ಕರೆ ಕಡಿಮೆ ಬಂದಿತು. ಹೃದಯವನ್ನು ಬಗೆಯದೆ ಕೃತಿಯನ್ನು ತೂಗಿದ ವಿಧಾನವಿದು. ಒಬ್ಬನ ಅಂತರಂಗವನ್ನು ಇದು ಹೇಳದು, ಒಂದು ಸಮಾಜದ ನಡೆಯನ್ನು ಹೇಳುತ್ತದೆ.

ಹರಿಹರದ ಆ ಇಬ್ಬರತ್ತ ಮರಳಿದರೆ, ಮುಖ್ಯಮಂತ್ರಿ ದೇವರಾಜ ಅರಸರ ಸಂಪುಟದಲ್ಲಿ ದಲಿತ ಸಚಿವರಾಗಿದ್ದು, ತಲೆಯ ಮೇಲೆ ಮಲ ಹೊರುವ ಅನಿಷ್ಟವನ್ನು ನಿಷೇಧಿಸಿದ ಬಸವಲಿಂಗಪ್ಪನವರು, 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದಾಗ, ಎದ್ದ ಕೋಲಾಹಲವೆಲ್ಲ ಭಾಷಾಭಿಮಾನದ ಹೆಸರಿನದಾಗಿತ್ತು. ಕೂಗಿದ ತರುಣರಲ್ಲಿ ಅನೇಕರು ತಾವು ನುಡಿಯನ್ನು ಕಾಯುತ್ತಿದ್ದೇವೆಂದೇ ಭಾವಿಸಿದ್ದಿರಬೇಕು. ಹಾಗಿದ್ದಲ್ಲಿ ಅದೇ ಕನ್ನಡವನ್ನಾಡುವ ದಲಿತ ವಿದ್ಯಾರ್ಥಿಗಳ ಮೇಲೆ ಪೆಟ್ಟು ಬಿದ್ದುದೇಕೆ? ಅದೇ ಮಾತನ್ನು ಮೇಲ್ಜಾತಿಯ ಸಚಿವರೊಬ್ಬರು ಆಡಿದ್ದರೆ ಹಾಸ್ಟೆಲುಗಳಿಗೆ ನುಗ್ಗಿ ಯಾವ ಹುಡುಗರನ್ನು ಹೊಡೆಯುತ್ತಿದ್ದರು? ಯಾವ ಯಂತ್ರವೂ ತೋರದಿದ್ದ ಅಳತೆಯನ್ನು ಆ ಪೆಟ್ಟುಗಳು ಬಿದ್ದ ಮೈಗಳೇ ತೋರಿದುವೆಂದು ನಾನು ದೃಢವಾಗಿ ನಂಬುತ್ತೇನೆ. ಬಸವಲಿಂಗಪ್ಪನವರು ಮಂತ್ರಿಪದವಿಯನ್ನು ತೊರೆಯಬೇಕಾಯಿತು. ಮರುವರುಷ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಕೃಷ್ಣಪ್ಪನವರು, ಮೇಲುಜಾತಿಯವರ ಮನಸ್ಸು ತಿಳಿಯಾಗುವವರೆಗೆ ಕಾಯದೆ, ಭೂಮಿಯನ್ನೂ ಶಿಕ್ಷಣವನ್ನೂ ಹಕ್ಕಾಗಿ ಕೇಳುವ ದಲಿತ ಸಂಘರ್ಷ ಸಮಿತಿಯನ್ನು ಸಂಗಡಿಗರೊಡನೆ ಕಟ್ಟಿದರು.