ಪದ ಪರಿಚಯ: ಕೋಹಾರ್ಟ್

ಕೋಹಾರ್ಟ್: ಆರೋಗ್ಯ ಸುದ್ದಿಗಳಲ್ಲಿ ಇದನ್ನು ‘ತಂಡ’ ಎಂದು ಬರೆಯುವುದು ರೂಢಿ. ಅದು ಸಾಲದು. ಈ ಪದದ ಮೂಲವಾದ ಲ್ಯಾಟಿನ್ನಿನ ‘ಕೊಹೋರ್ಸ್’ ಮೊದಲು ಬೇಲಿ ಸುತ್ತಿದ ಅಂಗಳ. ಆಮೇಲೆ ರೋಮನ್ ಸೇನೆಯ ‘ಲೀಜನ್’ ಎಂಬ ದಳದ ಹತ್ತರಲ್ಲೊಂದು ಪಾಲಿನ ಪಡೆ. ಅದೇ ಅಂಗಳ ಫ್ರೆಂಚಿನಲ್ಲಿ ಸವೆದು ‘ಕೋರ್ಟ್’ ಆಯಿತು. ನಾವು ವಾಯಿದೆಗೆಂದು ಅಲೆಯುವ ಕೋರ್ಟು ಇದರ ದಾಯಾದಿಯೇ! ಸಂಶೋಧಕರಿಗೆ ಕೋಹಾರ್ಟ್ ಎಂದರೆ ಒಂದು ಕಾಲಘಟ್ಟದಲ್ಲಿ ಗುರುತಿಸಿ, ವರ್ಷಗಟ್ಟಲೆ ಬೆನ್ನುಬಿಡದ ಜನ. ಅಮೆರಿಕದ ‘ಆ್ಯಡ್ ಹೆಲ್ತ್’ ಅಧ್ಯಯನ 1994–95ರಲ್ಲಿ 7ರಿಂದ 12ನೇ ತರಗತಿಯಲ್ಲಿದ್ದ ಮಕ್ಕಳನ್ನು ಅವರ ನಡುವಯಸ್ಸಿನವರೆಗೂ ಹಿಂಬಾಲಿಸಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರ ಗರ್ಭಿಣಿಯರಿಂದ ಶುರುವಾದ ಅಧ್ಯಯನವೂ ಅವರ ಮಕ್ಕಳನ್ನು ಹರೆಯದವರೆಗೆ ಅಳೆಯುತ್ತ ಬಂತು. ತಂಡಕ್ಕೆ ನಡುವೆ ಯಾರು ಬೇಕಾದರೂ ಸೇರಬಹುದು, ಇಂಥ ಅಧ್ಯಯನಗಳಿಗೆ ಹಾಗಲ್ಲ. ಹರೆಯದವರ ಮಾತಾದರೆ ನಮ್ಮ ‘ಓರಗೆಯವರು’ ಚೆನ್ನಾಗಿ ಒಪ್ಪುತ್ತದೆ; ವಯಸ್ಸು ಬೆರೆತಿದ್ದರೆ ಕೋಹಾರ್ಟ್ ಎಂದೇ ಬರೆಯಿರಿ.