ಹಬೆಯ ನ್ಯಾವಿ: ಯಂತ್ರದ ಪುನರುದ್ಧಾರವೂ ಇತಿಹಾಸದ ಆಧಾರವೂ

ಇಂಗ್ಲಿಷಿನಲ್ಲಿ ‘ನ್ಯಾವಿ’ ಎಂಬ ಶಬ್ದವು ಮೊದಲು ಮನುಷ್ಯನನ್ನು ಸೂಚಿಸುತ್ತಿದ್ದಿತು. ಹದಿನೆಂಟನೆಯ ಶತಮಾನದಲ್ಲಿ ನೌಕಾಯಾನದ ಕಾಲುವೆಗಳನ್ನು ತೋಡಿದ ಕೂಲಿಗಳಿಗೆ ‘ನ್ಯಾವಿಗೇಟರ್’ ಎಂಬ ಹೆಸರು ಬಂದು, ಅದು ಸಂಕ್ಷೇಪಗೊಂಡು, ಅನಂತರ ರೈಲುದಾರಿಗಳನ್ನು ನಿರ್ಮಿಸಿದವರಿಗೂ ಸಂದಿತು. ಮುಂದೆ ಅವರ ಕೆಲಸವನ್ನು ಹಬೆಯ ಬಲದಿಂದ ಮಾಡುವ ಯಂತ್ರಕ್ಕೂ ‘ಸ್ಟೀಮ್ ನ್ಯಾವಿ’ ಎಂದೇ ಹೆಸರಾಯಿತು. ಕೂಲಿಯ ಹೆಸರನ್ನು ಹೊತ್ತ ಇಂಥ ಯಂತ್ರವನ್ನು ಉದ್ಧರಿಸಿದಾಗ ಇತಿಹಾಸಕ್ಕೆ ದೊರೆಯುವುದೇನು ಎಂಬುದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಹಬೆಯಿಂದ ಮಣ್ಣು ಅಗೆಯುವ ಯಂತ್ರಕ್ಕೆ ಅಮೆರಿಕದ ವಿಲಿಯಂ ಓಟಿಸನು 1839ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಆದರೂ ಬ್ರಿಟನ್ನಿನಲ್ಲಿ ಅದು ಬಹುಕಾಲ ಬಳಕೆಗೆ ಬರಲಿಲ್ಲ. ಕೂಲಿಯು ಅಗ್ಗವಾಗಿದ್ದುದು ಇದಕ್ಕೆ ಮುಖ್ಯ ಕಾರಣ. 1887ರಿಂದ 1894ರವರೆಗೆ ನಡೆದ ಮ್ಯಾಂಚೆಸ್ಟರ್ ಹಡಗುಕಾಲುವೆಯ ಕಾರ್ಯದಲ್ಲಿ 5 ಕೋಟಿ ಘನಗಜಕ್ಕೂ ಮಿಕ್ಕಿ ಮಣ್ಣು ಕಲ್ಲುಗಳನ್ನು ತೆಗೆಯಬೇಕಾಗಿದ್ದು, ಹಬೆಯ ಯಂತ್ರಗಳನ್ನು ವಿಪುಲವಾಗಿ ಬಳಸಲಾಯಿತು. ಹಾಗಿದ್ದೂ ಕೆಲಸವು ಭರದಿಂದ ಸಾಗಿದಾಗ ಅಲ್ಲಿ 16,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಯಂತ್ರವು ಕೂಲಿಯನ್ನು ಒಮ್ಮೆಲೇ ಹೊರದೂಡಲಿಲ್ಲ. ಕೆಲವು ಕಾಲ ಇಬ್ಬರೂ ಒಂದೇ ಹೊಂಡದಲ್ಲಿ ದುಡಿದರು.

ಲಿಂಕನ್ ನಗರದ ರಸ್ಟನ್ ಪ್ರಾಕ್ಟರ್ ಸಂಸ್ಥೆಯು 1909ರಲ್ಲಿ ನಿರ್ಮಿಸಿದ 306ನೆಯ ಸಂಖ್ಯೆಯ ನ್ಯಾವಿಯ ಕಥೆ ಇಲ್ಲಿ ಪ್ರಸ್ತುತ. ಬೆಡ್‌ಫರ್ಡ್‌ಷೈರಿನ ಆರ್ಲ್ಸಿಯಲ್ಲಿ ಸೀಮೆಸುಣ್ಣದ ಗಣಿಯೊಂದರಲ್ಲಿ ದುಡಿದ ಈ ಯಂತ್ರವು, ಗಣಿಯು ನಿಂತು ನೀರು ತುಂಬಿಕೊಂಡಾಗ ಅಲ್ಲಿಯೇ ಮುಳುಗಿತು. 1977ರಲ್ಲಿ ಅದನ್ನು ಮೇಲೆತ್ತಿ ಲಿಂಕನ್ನಿನ ವಸ್ತುಸಂಗ್ರಹಾಲಯಕ್ಕೆ ತರಲಾಯಿತು. ಮುಂದೆ ಅದು ಕಂಬ್ರಿಯದ ತ್ರೆಲ್ಕೆಲ್ಡ್ ಕಲ್ಲುಗಣಿಗೆ ಸಾಗಿ, ಹಳೆಯ ಅಗೆಯುವ ಯಂತ್ರಗಳ ರಕ್ಷಣೆಗಾಗಿ ರಚಿತವಾದ ಸಂಘದ ಸ್ವಯಂಸೇವಕರ ಶ್ರಮದಿಂದ ಮತ್ತೆ ಹಬೆಯಿಂದ ಚಲಿಸಿತು.

ಇಂಥ ಕಾರ್ಯದಲ್ಲಿ ಒಂದು ವಿರೋಧವಿದೆ. ತುಕ್ಕು ಹಿಡಿದ ತಗಡು, ಸವೆದ ಹಲ್ಲು, ಗಣಿಯಲ್ಲಿಯೇ ಹಾಕಿದ ತೇಪೆ ಇವೆಲ್ಲವೂ ಆಧಾರಗಳೇ. ಯಂತ್ರವು ಚಲಿಸಬೇಕಾದರೆ ಇವುಗಳಲ್ಲಿ ಹಲವನ್ನು ತೆಗೆದು ಹೊಸತನ್ನು ಕೂಡಿಸಬೇಕು. ಕುಲುಮೆಯ ಬೆಂಕಿಯನ್ನೂ ಹಬೆಯ ಒತ್ತಡವನ್ನೂ ತಾಳಬೇಕಾದ ಬಾಯ್ಲರಿನ ವಿಷಯದಲ್ಲಂತೂ ರಾಜಿಯಿಲ್ಲ. ಆದುದರಿಂದ ನಿಶ್ಚಲವಾಗಿ ಕಾಪಾಡುವುದೇ ಮೇಲೆಂಬ ವಾದವನ್ನು ನಾವು ಅಲ್ಲಗಳೆಯಲಾರೆವು. ಆದರೆ ಹಬೆಯನ್ನು ಕಾದಿರಿಸುವ ಅವಧಿ, ಬುಟ್ಟಿಯ ಹಲ್ಲು ಮಣ್ಣನ್ನು ಕಚ್ಚುವಾಗ ಸನ್ನೆಕೋಲಿನ ಮೇಲಿರಬೇಕಾದ ಕೈಯ ಹತೋಟಿ, ಬೆಂಕಿಯಾಳಿಗೂ ಚಾಲಕನಿಗೂ ಇರಬೇಕಾದ ಹೊಂದಾಣಿಕೆ ಇವು ನಿಂತ ಯಂತ್ರದಿಂದ ತಿಳಿಯತಕ್ಕವಲ್ಲ. ಗುತ್ತಿಗೆದಾರನ ಲೆಕ್ಕಪುಸ್ತಕದಲ್ಲಿ ಘನಗಜಗಳು ದೊರೆತಾವು, ಕೈಯ ನೈಪುಣ್ಯ ದೊರೆಯದು.

ಕಳಚುವ ಮುನ್ನ ಪ್ರತಿಯೊಂದು ಭಾಗವನ್ನೂ ಅಳೆದು, ಚಿತ್ರಿಸಿ, ಬದಲಾಯಿಸಿದ್ದನ್ನು ಬರೆದಿಟ್ಟರೆ ಈ ವಿರೋಧವು ಬಹುಮಟ್ಟಿಗೆ ಶಮನವಾಗುತ್ತದೆಂಬುದು ನಮ್ಮ ಅಭಿಪ್ರಾಯ. ಆಗ ಸ್ವಯಂಸೇವಕರ ದಿನಚರಿಯೇ ದಾಖಲೆಯಾಗುವುದು. ಇಷ್ಟಾದರೂ ಯಂತ್ರವು ತನ್ನನ್ನು ನಡೆಸಿದವನ ವಿಚಾರವನ್ನು ಮಾತ್ರ ಹೇಳಬಲ್ಲುದು. ಪಕ್ಕದಲ್ಲಿ ಸಲಿಕೆ ಹಿಡಿದು ನಿಂತಿದ್ದ ಮೊದಲಿನ ನ್ಯಾವಿಯ ಕೂಲಿ, ವಸತಿ, ಅಪಘಾತಗಳನ್ನು ನಾವು ಕಾಗದಪತ್ರಗಳಲ್ಲಿಯೇ ಅರಸಬೇಕಾಗಿದೆ. ಅವನ ಸಲಿಕೆಯನ್ನು ಕೆರೆಯಿಂದ ಮೇಲೆತ್ತಿದವರಿಲ್ಲ.